ಸೇತುರಾಮನ ಜಾಡಿ ಗಂಟು

ನಮ್ಮ ಕ್ರಾಸಿನಲ್ಲಿ ಅಪಾಯವನ್ನು ಅಳೆಯಲು ಇರುವುದು ಒಂದೇ ಮಾಪಕ. ಅದರ ಹೆಸರು ಸೇತುರಾಮ.

ಇವನು ನಿವೃತ್ತಿಯಾಗುವವರೆಗೂ ಒಂದು ವಿಮಾ ಕಚೇರಿಯಲ್ಲಿ, ಸತ್ತವರ ಕಾಗದಪತ್ರಗಳು ಬರುವ ವಿಭಾಗದಲ್ಲಿದ್ದ. ಮನುಷ್ಯ ಹೇಗೆಲ್ಲ ಸಾಯಬಹುದು ಎಂಬುದನ್ನು ಓದಿ ಓದಿ ಅವನಿಗೆ ಬದುಕುವುದೇ ಒಂದು ಸಾಹಸವಾಗಿ ಕಾಣತೊಡಗಿತ್ತು. ಸ್ಟೂಲ್ ಹತ್ತಿ ಕರ್ಟನ್ ಹಾಕುವಾಗ ಬಿದ್ದವರ ಕಥೆ ಗೊತ್ತಿದ್ದರಿಂದ ಅವನ ಮನೆಯ ಕಿಟಕಿಗಳಿಗೆ ಕರ್ಟನ್ನೇ ಇರಲಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಿಜಯನಗರ ಮೆಟ್ರೋ ಸ್ಟೇಷನ್ ತನಕ ಹೋದವನು ವಾಪಸು ಬರುತ್ತಿದ್ದ. ಸ್ಟೇಷನ್ನಿನಲ್ಲಿ ಎಲ್ಲರೂ ಹಳದಿ ಗೆರೆಯ ಹಿಂದೆ ನಿಂತರೆ ಇವನು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ಹಾಗಾಗಿ ಬಂದ ಮೊದಲ ರೈಲು ಅವನಿಗೆ ಯಾವತ್ತೂ ಸಿಕ್ಕಿದ್ದಿಲ್ಲ. ಸ್ಕೂಟರನ್ನಂತೂ ಕೊಳ್ಳಲೇ ಇಲ್ಲ. "ಎರಡು ಚಕ್ರದ ಮೇಲೆ ಯಾವ ವಸ್ತೂ ನಿಲ್ಲಲ್ಲ ಕಣಯ್ಯ. ಬೇಕಾದ್ರೆ ನಿನ್ನ ಗಾಡಿ ಸ್ಟ್ಯಾಂಡ್ ತೆಗೆದು ಕೈ ಬಿಟ್ಟು ನೋಡು," ಎಂದು ನನ್ನೊಂದಿಗೆ ವಾದ ಮಾಡಿದ್ದ.

ಇಂಥವನನ್ನು ನೋಡಿ ನಾವೆಲ್ಲ ನಗುತ್ತಿದ್ದೆವು ನಿಜ. ಆದರೆ ಅವನನ್ನು ನೋಡಿಕೊಂಡೇ ಹೆಜ್ಜೆಯನ್ನೂ ಇಡುತ್ತಿದ್ದೆವು. ಅವನು ಕೊಡೆ ಹಿಡಿದು ಹೊರಟರೆ ಇಡೀ ಕ್ರಾಸು ಮಹಡಿ ಮೇಲಿನ ಬಟ್ಟೆ ತೆಗೆಯುತ್ತಿತ್ತು. ಕೊರೋನಾ ಕಾಲದಲ್ಲಿ ಸರ್ಕಾರ ಏನೇ ಹೇಳಲಿ, ಟೀವಿಯವರು ಏನೇ ಹೇಳಲಿ, ನಾವು ಮಾಸ್ಕ್ ತೆಗೆದದ್ದು ಸೇತುರಾಮ ಮಾಸ್ಕ್ ಇಲ್ಲದೆ ಗೇಟಿನಲ್ಲಿ ನಿಂತಿದ್ದನ್ನು ಕಂಡ ಮೇಲೆಯೇ. ಅಂದು ಅವನ ಮಾಸ್ಕಿನ ದಾರ ಕಿತ್ತುಹೋಗಿತ್ತು, ಮಗಳು ಒಳಗಿನಿಂದ ಬೇರೆ ತರುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದ ಎಂಬುದು ನಮಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ನಮ್ಮ ಕ್ರಾಸಿನಲ್ಲಿ ಕೊರೋನಾ ಮುಗಿದುಹೋಗಿತ್ತು.

ಇಂಥ ಸೇತುರಾಮನ ಗೇಟಿನ ಪಕ್ಕದಲ್ಲೇ, ಅವನ ಹಣೆಬರಹ ನೋಡಿ, ಒಂದು ತೆಂಗಿನ ಮರವಿತ್ತು.

ಅದನ್ನು ನೆಟ್ಟವರು ಅವನ ತಾಯಿ. ಅಕ್ಕಿ ತೊಳೆದ ನೀರು ಹಾಕಿ ಬೆಳೆಸಿದ್ದು. ನೆಡುವಾಗ ನೆಟ್ಟಗೇ ನೆಟ್ಟಿದ್ದರಂತೆ. ಆದರೆ ಮರಕ್ಕೆ ರಸ್ತೆಯ ಮೇಲೆ ಏನು ಕುತೂಹಲವೋ, ಕಾಂಪೌಂಡ್ ದಾಟಿ ಹೊರಕ್ಕೆ ಬಾಗಿತ್ತು. ನೆರಳು ಬೀಳುತ್ತಿದ್ದದ್ದು ರಸ್ತೆಗೆ. ಆ ನೆರಳಿನಲ್ಲಿ ಇಂದ್ರಮ್ಮ ಎಂಬಾಕೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ತಲೆಯ ಮೇಲೆ ಗೊನೆ ಗೊನೆ ಕಾಯಿ ತೂಗುತ್ತಿದ್ದರೂ ಆಕೆ ಒಂದು ದಿನ ಕತ್ತೆತ್ತಿ ನೋಡಿದವಳಲ್ಲ. "ಕಾಯಿಗೆ ಮೂರು ಕಣ್ಣವ್ವೆ ಸಾಮಿ. ನೋಡ್ಕಂಡೇ ಬೀಳ್ತದೆ. ಮನುಷನ ತಲೆ ಮೇಲೆ ಬೀಳಕಿಲ್ಲ," ಎನ್ನುತ್ತಿದ್ದಳು. ಇದು ಅವಳೊಬ್ಬಳ ಮಾತಲ್ಲ. ನಮ್ಮ ಕಡೆ ಎಲ್ಲರೂ ಹೇಳುವ ಮಾತು. ತಲೆಯ ಮೇಲೆ ಕಾಯಿ ಬಿದ್ದವರ ಪೈಕಿ ಯಾರೂ ಬಂದು ಇಲ್ಲ ಎಂದು ಹೇಳಿಲ್ಲವಾದ್ದರಿಂದ ನಾವೂ ನಂಬಿದ್ದೆವು.

ಕಾಯಿ ಕೀಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೀಳುವವರು ಬೇಕಲ್ಲ. ಮುಂಚೆ ಮುರುಗೇಶ್ ಎಂಬವನು ಬಂದು ಹತ್ತುತ್ತಿದ್ದ. ಅವನು ಈಗ ಆಟೋ ಓಡಿಸುತ್ತಾನೆ. ಸೇತುರಾಮ ಕೇಳಿದಾಗ, ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಒನ್‌ವೇಯಲ್ಲಿ ಎದುರಿನಿಂದ ಬರುತ್ತಲೇ ಹೇಳಿದನಂತೆ: "ಮರ ಹತ್ತೋದು ತುಂಬಾ ರಿಸ್ಕು ಸಾರ್. ಮನೇಲಿ ಬೇಡ ಅಂತಾರೆ."

ಹೀಗಿರುವಾಗ ಒಂದು ಬೆಳಗ್ಗೆ ಕಾಯಿ ಬಿತ್ತು. ಇಂದ್ರಮ್ಮ ಹೇಳಿದ ಹಾಗೆ ಮನುಷ್ಯನ ಮೇಲೆ ಬೀಳಲಿಲ್ಲ. ಎದುರುಮನೆಯ ಮುರಳೀಕೃಷ್ಣನ ಹೊಸ ಕಾರಿನ ಮೇಲೆ ಬಿತ್ತು.

ಮುರಳೀಕೃಷ್ಣ ನಿವೃತ್ತ ಇಂಜಿನಿಯರ್. ಕಾರಿಗೆ ಕಟ್ಟಿದ ಪೂಜೆಯ ಹೂವು ಇನ್ನೂ ಬಾಡಿರಲಿಲ್ಲ. ಬಾನೆಟ್ಟಿನ ನಡುವೆ ಒಂದು ಬಟ್ಟಲಿನಷ್ಟು ತಗ್ಗು. ಅದರ ಸುತ್ತ ನಾವೆಲ್ಲ ನೆರೆದು, ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ ಕೈಕಟ್ಟಿಕೊಂಡು ನಿಂತೆವು.

"ಇದು ನನ್ನ ತಲೆ ಆಗಿದ್ರೆ?" ಎಂದ ಮುರಳೀಕೃಷ್ಣ.

"ತಲೆ ಆಗಿದ್ರೆ ಬೀಳ್ತಿರಲಿಲ್ಲ ಸಾಮಿ. ಕಾರು ಅಂತ ನೋಡೇ ಬಿದ್ದೈತೆ," ಎಂದಳು ಇಂದ್ರಮ್ಮ, ಸಮಾಧಾನದ ದನಿಯಲ್ಲಿ.

ಮುರಳೀಕೃಷ್ಣನಿಗೆ ಸಮಾಧಾನವಾಗಲಿಲ್ಲ. ಮರ ಕಡಿಸಬೇಕೆಂದು ಅಂದೇ ಪಾಲಿಕೆಗೆ ದೂರು ಕೊಟ್ಟ. ಮರಗಳ ಅಧಿಕಾರಿ ಸೋಮವಾರ ಬಂದು ನೋಡುವುದಾಗಿ ತಿಳಿಸಿದರು. ನಮ್ಮ ಕ್ರಾಸಿನ ಸಂಗತಿ ನಿಮಗೆ ಗೊತ್ತಿಲ್ಲ. ಅಂದು ಮಧ್ಯಾಹ್ನದೊಳಗೆ ಆ ಮರದ ಕೆಳಗೆ ಒಂದು ನಾಯಿಯೂ ಇರಲಿಲ್ಲ. ಇಷ್ಟು ವರ್ಷ ಅದರಡಿಯಲ್ಲೇ ಸ್ಕೂಟರ್ ನಿಲ್ಲಿಸಿ, ಹರಟೆ ಹೊಡೆದು, ಮಕ್ಕಳನ್ನು ಆಡಿಸಿದ ಜನ ಎದುರಿನ ಚರಂಡಿಯ ಕಲ್ಲುಗಳ ಮೇಲೆ ಸರ್ಕಸ್ಸಿನವರ ಹಾಗೆ ನಡೆಯತೊಡಗಿದರು. ಆ ಕಲ್ಲುಗಳಲ್ಲಿ ಅರ್ಧ ಅಲ್ಲಾಡುತ್ತವೆ. ಇಬ್ಬರು ಕಾಲು ಉಳುಕಿಸಿಕೊಂಡರು. ಅದನ್ನೂ ಮರದ ಲೆಕ್ಕಕ್ಕೇ ಬರೆದರು.

ಸೇತುರಾಮನ ಮನೆಯಲ್ಲಿ ಬೇರೆ ಗಲಾಟೆ. ಅವನ ಹೆಂಡತಿ ಅನಂತಲಕ್ಷ್ಮಿ ಎಂದೂ ದನಿ ಎತ್ತದವರು. ಅಂದು ಎತ್ತಿದರು.

"ಅತ್ತೆ ಕೈಯಾರೆ ಹಾಕಿದ ಮರ ರೀ. ಕೊನೇಲಿ ಹಾಸಿಗೆ ಹಿಡಿದಾಗ್ಲೂ 'ಮರಕ್ಕೆ ನೀರು ಹಾಕಿದ್ಯಾ ಅನಂತು' ಅಂತಾನೇ ಕೇಳ್ತಿದ್ರು. ನಾನು ಹೂಂ ಅಂತ ಮಾತು ಕೊಟ್ಟಿದೀನಿ. ಅದನ್ನ ಕಡಿಯೋಕೆ ಬಿಡಲ್ಲ."

"ನಂಗೂ ಅಮ್ಮನ ಮರ ಅಲ್ವೇನೇ," ಎಂದ ಸೇತುರಾಮ. ಅವನ ಕಷ್ಟವೇ ಅದು. ಆ ಮರವನ್ನು ಕಂಡರೆ ಅವನಿಗೆ ಪ್ರಾಣ. ಆ ಮರದ ಕೆಳಗೆ ಹೋಗಲು ಪ್ರಾಣಭಯ.

ದಾರಿ ತೋರಿಸಿದವಳು ಮಗಳು ಸಿಂಚನಾ. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುವ ಹುಡುಗಿ. "ಕೆಳಗೊಂದು ನೆಟ್ ಕಟ್ಟಿಬಿಡಿ ಅಪ್ಪ. ಬಿದ್ದ ಕಾಯಿ ಅದರಲ್ಲೇ ಉಳಿಯತ್ತೆ," ಎಂದಳು. ಯಾವುದೋ ಕ್ರಿಕೆಟ್ ಕೋಚಿಂಗಿನವರು ಮುಚ್ಚಿಕೊಂಡು ಹೋಗುವಾಗ ಬಿಟ್ಟ ಬಲೆ ಸಿಕ್ಕಿತು. ಮುರುಗೇಶನೇ ಬಂದು, ಮರ ಹತ್ತುವುದಿಲ್ಲ, ಏಣಿಯಾದರೆ ಹತ್ತುತ್ತೇನೆ ಎಂದು, ಎರಡು ತುದಿಗಳನ್ನು ಮಹಡಿಯ ಕಬ್ಬಿಣದ ಕಂಬಗಳಿಗೂ ಒಂದು ತುದಿಯನ್ನು ಎದುರಿನ ಹೊಂಗೆ ಮರಕ್ಕೂ ಬಿಗಿದ. ನಾಲ್ಕನೆಯದಕ್ಕೆ ಕೈ ಹಾಕುವ ಹೊತ್ತಿಗೆ ಅವನಿಗೆ ಬಾಡಿಗೆಯ ಕರೆ ಬಂತು. "ಈ ಹಗ್ಗ ಗೇಟಿನ ಕಂಬದ ಮೇಲಿಂದ ತಂದು ಕೆಳಗಡೆ ಕೊಕ್ಕೆಗೆ ಕಟ್ಕೊಂಬಿಡಿ ಸಾರ್," ಎಂದು ಹೇಳಿ ಹೋದ.

ಸೇತುರಾಮ ಕಟ್ಟಿದ. ಅವನಿಗೆ ಬರುತ್ತಿದ್ದದ್ದು ಒಂದೇ ಗಂಟು. ಚಿಕ್ಕಂದಿನಲ್ಲಿ ತಾಯಿ ಹೇಳಿಕೊಟ್ಟದ್ದು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಿಳಿ ಬಟ್ಟೆ ಹೊದಿಸಿ ದಾರ ಸುತ್ತಿ ಹಾಕುವ ಗಂಟು. ನೋಡಲು ಬಹಳ ಬಿಗಿ. ಆದರೆ ಊಟದ ಹೊತ್ತಿಗೆ ಅವಸರದಲ್ಲಿ ತೆಗೆಯಬೇಕಲ್ಲ, ಅದಕ್ಕೆ ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವ ಹಾಗೆ ಇರುತ್ತದೆ. ಮಾವಿನಕಾಯಿ ಕಾಯುವುದಕ್ಕೆ ಹೇಳಿ ಮಾಡಿಸಿದ ಗಂಟಿಗೆ ಅವನು ತೆಂಗಿನಕಾಯಿ ಕಾಯುವ ಕೆಲಸ ಕೊಟ್ಟ.

ಸೋಮವಾರ ಬಂತು. ಅಧಿಕಾರಿ ಬರುವುದಕ್ಕೆ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ಸೇತುರಾಮ ಗೇಟಿಗೆ ಬಂದ. ನೋಡುತ್ತಾನೆ, ಗಂಟು ಮೆಲ್ಲಗೆ ಜಾರುತ್ತಿದೆ. ಹಾರಿ ಹಗ್ಗ ಹಿಡಿದುಕೊಂಡ. ಬಿಟ್ಟರೆ ಬಲೆ ಬೀಳುತ್ತದೆ, ಬಲೆ ಬಿದ್ದರೆ ಮರ ಬೀಳುತ್ತದೆ. ಮತ್ತೆ ಕಟ್ಟಲು ಎರಡು ಕೈ ಬೇಕು, ಎರಡೂ ಹಗ್ಗದಲ್ಲಿವೆ. "ಅನಂತೂ" ಎಂದು ಕೂಗಿದ. ಒಳಗೆ ಮಿಕ್ಸಿ ಓಡುತ್ತಿತ್ತು.

ಅದೇ ಹೊತ್ತಿಗೆ ಅಧಿಕಾರಿಯ ಜೀಪು ಬಂತು.

ಅಧಿಕಾರಿಯ ಹೆಸರು ಏಕಾಂತಯ್ಯ. ಹೆಸರು ಏಕಾಂತಯ್ಯನಾದರೂ ಅವರ ಹಿಂದೆ ಇಡೀ ಕ್ರಾಸು ಬಂದಿತ್ತು. ಚರಂಡಿಯ ಆಚೆ ನಿಂತು ನೋಡಿದ ನಮಗೆ ಕಂಡದ್ದು ಇದು: ಗ್ಯಾಸ್ ಸಿಲಿಂಡರಿಗೂ ಹೆದರುವ ಸೇತುರಾಮ, ಕಾಯಿ ತುಂಬಿದ ಮರದ ನೇರ ಕೆಳಗೆ, ಎರಡೂ ಕೈಯೆತ್ತಿ ಹಗ್ಗ ಹಿಡಿದು, ಎದೆ ಮುಂದೆ ಮಾಡಿ ನಿಂತಿದ್ದಾನೆ. ಅಲ್ಲಾಡುತ್ತಿಲ್ಲ.

"ಏನ್ರೀ, ಅಲ್ಲಿ ನಿಂತ್ಕೊಳ್ಳೋಕೆ ಭಯ ಇಲ್ವಾ?" ಎಂದು ಕೇಳಿದರು ಏಕಾಂತಯ್ಯ.

"ನಾನು ಇಲ್ಲಿಂದ ಅಲ್ಲಾಡೋ ಹಾಗಿಲ್ಲ ಸಾರ್," ಎಂದ ಸೇತುರಾಮ. ಅವನ ಜೀವಮಾನದಲ್ಲಿ ಅದಕ್ಕಿಂತ ಸತ್ಯವಾದ ಮಾತನ್ನು ಅವನು ಆಡಿರಲಾರ.

"ಈ ಬಲೆ ತಡೆಯುತ್ತಾ?"

"ನಾನಿಲ್ಲಿ ನಿಂತಿರೋತನಕ ತಡೆಯುತ್ತೆ ಸಾರ್."

ಏಕಾಂತಯ್ಯ ತಲೆದೂಗಿದರು. ಅವರ ತಲೆ ಒಂದು ಸಲ ತೂಗಿ ನಿಲ್ಲುವುದರೊಳಗೆ ಮೇಲಿನಿಂದ ಒಂದು ಕಾಯಿ ಕಳಚಿಕೊಂಡು ಬಲೆಗೆ ಬಿತ್ತು. ಹಗ್ಗ ಜಗ್ಗಿತು, ಸೇತುರಾಮ ತುದಿಗಾಲಿನ ಮೇಲೆ ಏರಿದ, ಇಳಿದ. ದೂರದಿಂದ ನೋಡಿದವರಿಗೆ ಅವನು ಹೆಮ್ಮೆಯಿಂದ ಒಂದು ಸಲ ಉಬ್ಬಿದ ಹಾಗೆ ಕಂಡಿತು. ಕಾಯಿ ಬಲೆಯಲ್ಲಿ ಒಂದೆರಡು ಸಲ ಪುಟಿದು, ತೊಟ್ಟಿಲಲ್ಲಿ ಮಲಗಿದ ಮಗುವಿನ ಹಾಗೆ ಸುಮ್ಮನಾಯಿತು. ನಾವು ಚಪ್ಪಾಳೆ ಹೊಡೆದೆವು. ಏಕಾಂತಯ್ಯ ಫೋಟೋ ಹಿಡಿದರು. ಅಪಾಯವೇನೂ ಇಲ್ಲ, ಮರ ಇರಲಿ ಎಂದರು. ಬಿಸಿಲು ಜೋರಾಗಿದ್ದರಿಂದ ಜೀಪನ್ನು ಅದೇ ಮರದ ನೆರಳಿಗೆ ತರಿಸಿ, ಅದರಲ್ಲೇ ಕೂತು ಅನಂತಲಕ್ಷ್ಮಿಯವರ ಕಾಫಿ ಕುಡಿದು ಹೋದರು. ಅಷ್ಟೂ ಹೊತ್ತು ಸೇತುರಾಮ ಹಗ್ಗ ಬಿಡಲಿಲ್ಲ. ಕೊನೆಗೆ ಸಿಂಚನಾ ಬಂದು ಹಿಡಿದುಕೊಂಡಾಗ, ಅದೇ ಜಾಡಿ ಗಂಟನ್ನು ಮತ್ತೆ ಹಾಕಿದ. ಭದ್ರವಾಗಿರಲಿ ಎಂದು ಅದರ ಮೇಲೆ ಇನ್ನೊಂದು ಜಾಡಿ ಗಂಟು.

ಮಾರನೆಯ ದಿನದಿಂದ ಶುರುವಾಯಿತು.

ಸೇತುರಾಮನೇ ನಿಂತ ಮೇಲೆ ನಮಗೇನು ಎಂದು ಮೊದಲು ಸ್ಕೂಟರುಗಳು ಬಂದವು. ನನ್ನದೂ ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಕಾರುಗಳು. ಹಿಂದೆ ಆ ಮರದ ಕೆಳಗೆ ಇಂದ್ರಮ್ಮನ ಬುಟ್ಟಿ, ನಾಲ್ಕು ಗಾಡಿ, ಒಂದಷ್ಟು ಹರಟೆ ಇರುತ್ತಿದ್ದವು. ಈಗ ಬಲೆ ಬಂದ ಮೇಲೆ ಇಡೀ ಮೂಡಲಪಾಳ್ಯದಲ್ಲಿ ಅಷ್ಟು ಕ್ಷೇಮವಾದ ಜಾಗ ಬೇರೆ ಇಲ್ಲ ಎಂದಾಯಿತು. ಗೋಬಿ ಮಂಚೂರಿ ಗಾಡಿಯವನು ಸರ್ಕಲ್ಲಿನಿಂದ ಎದ್ದು ಇಲ್ಲಿಗೆ ಬಂದ. ಅಂಗನವಾಡಿಯ ಮಕ್ಕಳನ್ನು ಅಲ್ಲೇ ಕೂರಿಸಿ ಹಾಡು ಹೇಳಿಸಿದರು. ಹೆಂಗಸರು ಯೋಗ ಮಾಡಿದರು. ಶವಾಸನದಲ್ಲಿ ಅಂಗಾತ ಮಲಗಿ, ಮೇಲೆ ತೂಗುವ ಗೊನೆಗಳನ್ನು ನೋಡುತ್ತ, ಮನಸ್ಸಿಗೆ ಎಷ್ಟು ಶಾಂತಿ ಎಂದರು. ಕೊನೆಗೆ ಮುರಳೀಕೃಷ್ಣನೂ ಬಾನೆಟ್ ರಿಪೇರಿ ಮಾಡಿಸಿಕೊಂಡು ಬಂದ ಕಾರನ್ನು ಅಲ್ಲೇ ನಿಲ್ಲಿಸಿದ. "ಇಂಜಿನಿಯರಿಂಗ್ ದೃಷ್ಟಿಯಿಂದ ನೋಡಿದ್ರೆ ಸೌಂಡ್ ಆಗಿದೆ," ಎಂದ.

ಕಾಯಿಗಳು ಬೀಳುತ್ತಲೇ ಇದ್ದವು. ಒಂದೊಂದು ಬಿದ್ದಾಗಲೂ ಜನ ಕತ್ತೆತ್ತಿ, "ನೋಡಿ, ಹೆಂಗೆ ಹಿಡೀತು," ಎಂದು ಸಂತೋಷಪಟ್ಟರು. ಅವನ್ನು ಇಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಾಯಿ, ಗರಿ, ಎಡೆಮಟ್ಟೆ ಎಲ್ಲ ಸೇರಿ ಬಲೆ ದಿನದಿಂದ ದಿನಕ್ಕೆ ಬಸುರಿಯ ಹೊಟ್ಟೆಯ ಹಾಗೆ ಕೆಳಗಿಳಿಯಿತು. ಅಷ್ಟು ಕೆಳಗೆ ಬಂದದ್ದರಿಂದ ನೆರಳು ಇನ್ನೂ ಒತ್ತಾಯಿತು ಎಂದು ಇಂದ್ರಮ್ಮನಿಗೆ ಖುಷಿ.

ಸೇತುರಾಮನೊಬ್ಬನಿಗೆ ಮಾತ್ರ ನಿದ್ದೆಯಿಲ್ಲ. ಗೇಟಿನಿಂದ ಹೊರಗೆ ಬರಬೇಕೆಂದರೆ ಮರದ ಕೆಳಗೇ ಬರಬೇಕು. ಹಾಗಾಗಿ ಉಸಿರು ಕಟ್ಟಿ ಒಂದೇ ಓಟ ಓಡಿ ರಸ್ತೆಯ ತುದಿ ಸೇರುತ್ತಿದ್ದ. "ಈ ವಯಸ್ಸಲ್ಲೂ ಜಾಗಿಂಗ್ ಬಿಟ್ಟಿಲ್ಲ," ಎಂದು ಜನ ಮೆಚ್ಚಿದರು. ಓಡುವ ಮುಂಚೆ ಪ್ರತಿದಿನ ಕಣ್ಣು ಮುಚ್ಚಿ, ದೇವರೇ ಎಂದುಕೊಂಡು, ಕೊಕ್ಕೆಯ ಮೇಲಿನ ಗಂಟನ್ನು ಮುಟ್ಟಿ ನೋಡುತ್ತಿದ್ದ. ಇದನ್ನು ಮೊದಲು ಗಮನಿಸಿದವಳು ಇಂದ್ರಮ್ಮ. ಸೇತುರಾಮ ಸಾಮಿ ದಿನಾ ಮುಟ್ಟಿ ಕೈಮುಗಿಯುತ್ತಾರೆಂದರೆ ಸುಮ್ಮನೆಯೇ? ಆಕೆ ಗಂಟಿಗೆ ಒಂದು ಮೊಳ ಹೂವು ಮುಡಿಸಿದಳು. ಮರುದಿನ ಅದರ ಮೇಲೆ ಅರಿಶಿನ ಕುಂಕುಮ ಇತ್ತು. ವಾರ ಕಳೆಯುವುದರಲ್ಲಿ ಪರೀಕ್ಷೆಗೆ ಹೋಗುವ ಮಕ್ಕಳು, ಕೆಲಸಕ್ಕೆ ಹೊರಟ ಹೆಂಗಸರು, ಎಲ್ಲರೂ ಗಂಟನ್ನು ಒಮ್ಮೆ ಮುಟ್ಟಿ, ಮೆಲ್ಲಗೆ ಎಳೆದು ಕಣ್ಣಿಗೊತ್ತಿಕೊಂಡು ಹೋಗತೊಡಗಿದರು. ಸೇತುರಾಮ ಮಹಡಿಯ ಕಿಟಕಿಯಿಂದ ಇದನ್ನು ನೋಡಿ ಬೆವರುತ್ತಿದ್ದ. ಕಿಟಕಿಗೆ ಕರ್ಟನ್ ಇಲ್ಲದ್ದರಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಅವನು ಹೇಳಲಿಲ್ಲ ಎಂದಲ್ಲ. ನನಗೇ ಹೇಳಿದ. "ಅಲ್ಲಿ ಗಾಡಿ ನಿಲ್ಲಿಸ್ಬೇಡ ಕಣಯ್ಯ. ಆ ಗಂಟು ಸರಿ ಇಲ್ಲ." ನಾನು ಇವನಿಗೆ ತನ್ನ ಗೇಟಿನ ಮುಂದೆ ಗಾಡಿ ನಿಲ್ಲಿಸುವುದು ಇಷ್ಟವಿಲ್ಲ, ನೇರವಾಗಿ ಹೇಳಲು ಸಂಕೋಚ ಎಂದುಕೊಂಡೆ. ಸ್ವಲ್ಪ ಬೇಜಾರೂ ಮಾಡಿಕೊಂಡೆ.

ಗಣಪತಿ ಹಬ್ಬ ಬಂತು. ನಮ್ಮ ಕ್ರಾಸಿನ ಗಣೇಶೋತ್ಸವದ ಯಜಮಾನಿಕೆ ಶಶಿಕುಮಾರನದು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗ, ಒಳ್ಳೆಯವನು, ಬೈಕನ್ನು ಮಾತ್ರ ಯಮನ ವಾಹನದ ಹಾಗೆ ಓಡಿಸುತ್ತಾನೆ. ಅವನು ಸೇತುರಾಮನ ಮನೆಗೆ ಬಂದು, "ಅಂಕಲ್, ಈ ಸಲ ಗಣೇಶ ನಿಮ್ಮ ಪೋರ್ಟಿಕೋದಲ್ಲಿ. ಜನಕ್ಕೆ ಕುರ್ಚಿ ಮರದ ಕೆಳಗೆ. ಪೆಂಡಾಲ್ ಬೇಕಾಗೇ ಇಲ್ಲ, ರೆಡಿಮೇಡ್ ಇದೆಯಲ್ಲ. ಮೊದಲನೇ ದಿನ ನಿಮಗೆ ಸನ್ಮಾನ. ಏಕಾಂತಯ್ಯ ಸಾರ್ ಕೈಯಿಂದ ಮೈಸೂರು ಪೇಟ," ಎಂದು ಒಂದೇ ಉಸಿರಿನಲ್ಲಿ ಹೇಳಿದ. ಸೇತುರಾಮ ಬಾಯಿ ತೆರೆಯುವುದರೊಳಗೆ ಬೈಕು ಸದ್ದು ಮಾಡಿ ಹೋಗಿತ್ತು.

ಅಂದು ಸಂಜೆ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಈ ಭಾಗ ನನಗೆ ಆಮೇಲೆ ಅನಂತಲಕ್ಷ್ಮಿಯವರೇ ಹೇಳಿದ್ದು.

"ಆ ಗಂಟು ಉಪ್ಪಿನಕಾಯಿ ಜಾಡಿಗೆ ಕಟ್ಟೋದು ಕಣೇ. ಅವತ್ತು ನಾನು ಧೈರ್ಯವಾಗಿ ನಿಂತಿದ್ದಲ್ಲ. ಕೈ ಬಿಡೋಕಾಗ್ದೆ ನಿಂತಿದ್ದು."

"ಹಾಗಂತ ಹೇಳಿಬಿಟ್ರೆ ಮರ ಉಳಿಯುತ್ತಾ?" ಎಂದರು ಆಕೆ.

"ಹೇಳ್ದೆ ಇದ್ರೆ ತಲೆಗಳು ಉಳಿಯಲ್ಲ."

ಅನಂತಲಕ್ಷ್ಮಿ ಎದ್ದು ಹೋಗಿ ಅಕ್ಕಿ ತೊಳೆದಿಟ್ಟ ನೀರನ್ನು ಮರದ ಬುಡಕ್ಕೆ ಹಾಕಿ ಬಂದರಂತೆ. ಆಮೇಲೆ, "ಹೇಳಿಬಿಡಿ ರೀ. ಅತ್ತೆ ಇದ್ದಿದ್ರೂ ಹಾಗೇ ಹೇಳ್ತಿದ್ರು," ಎಂದರಂತೆ. ಅದನ್ನು ನನಗೆ ಹೇಳುವಾಗಲೂ ಅವರ ಕಣ್ಣು ಒದ್ದೆಯಾಗಿತ್ತು.

ಹಬ್ಬದ ದಿನ ಮರದ ಕೆಳಗೆ ಕುರ್ಚಿಗಳು ತುಂಬಿಹೋಗಿದ್ದವು. ಬಲೆಯಿಂದ ಸೀರಿಯಲ್ ಲೈಟು ಇಳಿಬಿಟ್ಟಿದ್ದರು. ಮುಂದಿನ ಸಾಲಿನಲ್ಲಿ ಏಕಾಂತಯ್ಯ, ಪಕ್ಕದಲ್ಲಿ ಮುರಳೀಕೃಷ್ಣ. ಅವರ ನಡುವೆ, ಬಲೆಯ ಹೊಟ್ಟೆಗೆ ಸರಿಯಾಗಿ ಕೆಳಗೆ, ಸನ್ಮಾನಿತರಿಗೆಂದು ದೊಡ್ಡ ಕುರ್ಚಿ. ಸೇತುರಾಮ ಆ ಕುರ್ಚಿಯಲ್ಲಿ ಕೂರದೆ ನೇರವಾಗಿ ಗೇಟಿನ ಬಳಿ ಮೈಕಿಗೆ ಹೋದ.

"ಎಲ್ಲರಿಗೂ ನಮಸ್ಕಾರ. ನಾನು ಧೈರ್ಯವಂತ ಅಲ್ಲ," ಎಂದ.

ಚಪ್ಪಾಳೆ.

"ಈ ಗಂಟು ನಾನು ಕಟ್ಟಿದ್ದು. ನನಗೆ ಗಂಟು ಹಾಕೋಕೆ ಬರಲ್ಲ. ಇದು ಯಾವಾಗ ಬೇಕಾದ್ರೂ ಬಿಚ್ಕೊಳ್ಳುತ್ತೆ. ದಯವಿಟ್ಟು ಎಲ್ಲರೂ ಎದ್ದು ಆ ಕಡೆ ಹೋಗಿ."

ಇನ್ನೂ ಜೋರು ಚಪ್ಪಾಳೆ. "ತುಂಬಿದ ಕೊಡ ತುಳುಕೋದಿಲ್ಲ ಅನ್ನೋದು ಇದಕ್ಕೇ," ಎಂದು ಮುರಳೀಕೃಷ್ಣ ಏಕಾಂತಯ್ಯನವರ ಕಿವಿಯಲ್ಲಿ ಹೇಳಿದ. "ಇಷ್ಟು ವಿನಯ ಈ ಕಾಲದಲ್ಲಿ ಎಲ್ಲಿದೆ ಹೇಳಿ," ಎಂದರು ಏಕಾಂತಯ್ಯ. ಯಾರೂ ಏಳಲಿಲ್ಲ. ಹಿಂದೆ ನಿಂತಿದ್ದವರು ಇನ್ನೂ ಚೆನ್ನಾಗಿ ಕೇಳಿಸಲಿ ಎಂದು ಮುಂದೆ ಬಂದು ಬಲೆಯ ಕೆಳಗೆ ಸೇರಿಕೊಂಡರು.

ಈ ಹೊತ್ತಿಗೆ ಶಶಿಕುಮಾರ, ಮೈಕಿನ ವೈರು ಜನರ ಕಾಲಿಗೆ ಸಿಗುತ್ತದೆ ಎಂದು, ಅದನ್ನು ಅದೇ ಕೊಕ್ಕೆಗೆ ಸಿಕ್ಕಿಸಲು ಹೋದ. ಹೂವು, ಕುಂಕುಮಗಳ ನಡುವೆ ಒಂದು ತುದಿ ಅಡ್ಡ ಬಂತು. ಎಳೆದ.

ಗಂಟು ತನ್ನ ಗುಣಕ್ಕೆ ತಕ್ಕ ಹಾಗೆ ನಡೆದುಕೊಂಡಿತು.

ಹಗ್ಗ ಸರ್ರನೆ ಮೇಲೆ ಹೋಗುವುದನ್ನು ಸೇತುರಾಮ ನೋಡಿದ. ಮೈಕ್ ಬಿಟ್ಟು ಹಾರಿ ಹಿಡಿದ. ಈ ಸಲ ಒಂದು ಕಾಯಿಯಲ್ಲ, ಎಷ್ಟೋ ದಿನಗಳ ಕಾಯಿ. ಅವನ ಕಾಲು ನೆಲ ಬಿಟ್ಟವು. ಕಂಬಕ್ಕೆ ಕಾಲು ಕೊಟ್ಟು, ಹಗ್ಗವನ್ನು ಎಡಗೈಗೆ ಸುತ್ತಿಕೊಂಡು ಹೇಗೋ ನಿಂತ. ಪಕ್ಕದಲ್ಲೇ ಮಗಳ ಸ್ಕೂಟಿ. ಅದರ ಕನ್ನಡಿಗೆ ಅವಳ ನೇರಳೆ ಬಣ್ಣದ, ಬೆಕ್ಕಿನ ಸ್ಟಿಕ್ಕರ್ ಅಂಟಿಸಿದ ಹೆಲ್ಮೆಟ್ಟು ತೂಗುತ್ತಿತ್ತು. ಸೇತುರಾಮ ಬಲಗೈ ಚಾಚಿ ಅದನ್ನು ತೆಗೆದು ತಲೆಗೆ ಹಾಕಿಕೊಂಡ.

ಇಡೀ ಸಭೆ ಕತ್ತೆತ್ತಿ ಬಲೆಯನ್ನು ನೋಡಿತು.

ಬಾಯಲ್ಲಿ ಹೇಳಿದಾಗ ಯಾರಿಗೂ ಅರ್ಥವಾಗದ್ದು ಈಗ ಎಲ್ಲರಿಗೂ ಅರ್ಥವಾಯಿತು. "ಸೇತುರಾಮಣ್ಣ ಹೆಲ್ಮೆಟ್ ಹಾಕ್ಕೊಂಡ್ರು," ಎಂದು ಯಾರೋ ಸಣ್ಣ ದನಿಯಲ್ಲಿ ಹೇಳಿದರು. ಅಷ್ಟೇ. ಕುರ್ಚಿಗಳು ಮಗುಚಿದವು. ಏಕಾಂತಯ್ಯ ಪೇಟದ ತಟ್ಟೆ ಸಮೇತ ಓಡಿದರು. ಮುರಳೀಕೃಷ್ಣ ಇಂಜಿನಿಯರಿಂಗ್ ದೃಷ್ಟಿಯಿಂದ ಎಲ್ಲರಿಗಿಂತ ಮುಂದಿದ್ದ. ನಾನು ಚರಂಡಿಯ ಕಲ್ಲಿನ ಮೇಲೆ ನಿಂತ ಮೇಲೆಯೇ ಹಿಂತಿರುಗಿ ನೋಡಿದ್ದು.

ಮರದ ಕೆಳಗೆ ಇಬ್ಬರು ಉಳಿದಿದ್ದರು. ಹಗ್ಗಕ್ಕೆ ಜೋತುಬಿದ್ದ ಸೇತುರಾಮ, ಮತ್ತು ನಿಧಾನವಾಗಿ ಸೇವಂತಿಗೆಯನ್ನು ಬುಟ್ಟಿಗೆ ತುಂಬುತ್ತಿದ್ದ ಇಂದ್ರಮ್ಮ.

"ಇಂದ್ರಮ್ಮ, ಹೋಗಮ್ಮ ತಾಯಿ," ಎಂದ ಸೇತುರಾಮ. ಅವನು ಕೈಬಿಟ್ಟು ಪಕ್ಕಕ್ಕೆ ನೆಗೆಯಬಹುದಿತ್ತು. ಪೋರ್ಟಿಕೋ ಎರಡು ಹೆಜ್ಜೆ ದೂರದಲ್ಲಿತ್ತು.

"ಹೂ ಬಿಟ್ಟು ಎಂಗೋಗಲಿ ಸಾಮಿ. ಕಾಯಿಗೆ ಕಣ್ಣೈತೆ, ನೀವು ಎದರ್ಬೇಡಿ."

"ನನ್ನ ಕೈಗೆ ಕಣ್ಣಿಲ್ಲಮ್ಮ. ಹಗ್ಗ ಜಾರ್ತಾ ಇದೆ. ನಿನ್ನ ಕಾಲಿಗೆ ಬೀಳ್ತೀನಿ, ಹೋಗು."

ಕಾಲಿಗೆ ಬೀಳುವ ಮಾತು ಬಂದದ್ದಕ್ಕೆ ಆಕೆಗೆ ಗಾಬರಿಯಾಯಿತು. ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು, ಸೆರಗು ಸರಿಮಾಡಿಕೊಂಡು ನಡೆದಳು. ಆಕೆ ಚರಂಡಿ ದಾಟಿದ ಮೇಲೆ ಸೇತುರಾಮ ಹಗ್ಗ ಬಿಟ್ಟ. ಬಿಟ್ಟನೋ, ಅದೇ ಬಿಡಿಸಿಕೊಂಡಿತೋ.

ಶಬ್ದವನ್ನು ವರ್ಣಿಸುವುದಿಲ್ಲ. ನಮ್ಮ ಹಿಂದಿನ ರಸ್ತೆಯವರು ಯಾವುದೋ ಮನೆಯ ಮಹಡಿ ಕುಸಿಯಿತೆಂದು ಓಡಿ ಬಂದರು. ಸನ್ಮಾನದ ಕುರ್ಚಿ ಇದ್ದ ಕಡೆ ಕುರ್ಚಿಯ ನಾಲ್ಕು ಕಾಲು ಮಾತ್ರ ಇದ್ದವು. ಗರಿ, ಎಡೆಮಟ್ಟೆ, ಸೀರಿಯಲ್ ಲೈಟುಗಳ ಗುಡ್ಡೆಯ ಪಕ್ಕದಲ್ಲಿ ಸೇತುರಾಮ ಗಣಪತಿಗೆ ಎದುರಾಗಿ ಪದ್ಮಾಸನ ಹಾಕಿದ ಹಾಗೆ ಕೂತಿದ್ದ. ಹೆಲ್ಮೆಟ್ಟು ಬೆಕ್ಕಿನ ಮೂತಿಯಿಂದ ಹಿಂದಿನವರೆಗೆ ಸೀಳಿತ್ತು. ಅದನ್ನು ಸೀಳಿದ ಕಾಯಿ ಅವನ ಮಡಿಲಲ್ಲಿತ್ತು.

ಅನಂತಲಕ್ಷ್ಮಿ ಓಡಿ ಬಂದು ಅವನ ಮುಖ ಹಿಡಿದು, "ರೀ, ನಾನ್ಯಾರು ಹೇಳಿ," ಎಂದರು.

"ಅನಂತು," ಎಂದ ಸೇತುರಾಮ. "ಗ್ಯಾಸ್ ಆಫ್ ಮಾಡಿದ್ಯಾ?"

ತಲೆಗೆ ಏನೂ ಆಗಿಲ್ಲವೆಂದು ಎಲ್ಲರಿಗೂ ಖಾತರಿಯಾಯಿತು.

ಜನ ಒಬ್ಬೊಬ್ಬರಾಗಿ ಹತ್ತಿರ ಬಂದರು. ಆಗ ಇಂದ್ರಮ್ಮ ಬುಟ್ಟಿ ಕೆಳಗಿಟ್ಟು, ಆ ಕಾಯಿಯನ್ನು ಕೈಗೆ ತೆಗೆದುಕೊಂಡು ಎಲ್ಲರಿಗೂ ತೋರಿಸಿದಳು.

"ನೋಡಿದ್ರಾ? ನಾನೇಳ್ಲಿಲ್ವಾ ಕಾಯಿಗೆ ಕಣ್ಣೈತೆ ಅಂತ. ಇಷ್ಟು ಜನದಲ್ಲಿ ಎಲ್ಮೆಟ್ ಇರೋ ತಲೆ ಯಾವ್ದು ಅಂತ ನೋಡಿ ಅದ್ರ ಮ್ಯಾಗೇ ಬಿತ್ತು."



ಎಲ್ಲರೂ ಏಕಾಂತಯ್ಯನವರ ಕಡೆ ನೋಡಿದರು. ಅನಂತಲಕ್ಷ್ಮಿ ಒಂದು ಕೈಯನ್ನು ಮರದ ಬುಡದ ಮೇಲೆ ಇಟ್ಟುಕೊಂಡು ನಿಂತಿದ್ದರು. ಏಕಾಂತಯ್ಯ ತಮ್ಮ ಕುರ್ಚಿ ಇದ್ದ ಜಾಗವನ್ನು ನೋಡಿದರು, ಮರವನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. "ಮರ ಒಂದೊಂದೇ ಕಾಯಿ ಬೀಳಿಸ್ತಿತ್ತು. ಎಲ್ಲಾನೂ ಒಂದೇ ಸಲ ಬೀಳಿಸಿದ್ದು ಬಲೆ. ಬಲೆ ತೆಗೀರಿ. ಮರ ಅಲ್ಲೇ ಇರ್ಲಿ. ಯಾರನ್ನಾದ್ರೂ ಹಿಡಿದು ಕಾಯಿ ಇಳಿಸ್ತಾ ಇರಿ," ಎಂದರು. ಮುರಳೀಕೃಷ್ಣ ಏನೋ ಹೇಳಲು ಬಾಯಿ ತೆರೆದವನು, ಸೇತುರಾಮನ ಸೀಳಿದ ಹೆಲ್ಮೆಟ್ಟು ನೋಡಿ ಮುಚ್ಚಿಕೊಂಡ. ಅನಂತಲಕ್ಷ್ಮಿ ಮರಕ್ಕೆ ಹಣೆ ಒರಗಿಸಿ ಅತ್ತರು. ಸನ್ಮಾನ ನಿಲ್ಲಬಾರದೆಂದು ಪೇಟವನ್ನು ಹೆಲ್ಮೆಟ್ಟಿನ ಮೇಲೆಯೇ ಇಟ್ಟರು. ಅದನ್ನು ತೆಗೆಯಲು ಸೇತುರಾಮ ಒಪ್ಪಿರಲಿಲ್ಲ.

ಕಾಯಿಯನ್ನು ಈಗ ಕೆಂಗೇರಿ ಕಡೆಯಿಂದ ಒಬ್ಬ ಬಂದು ಕಿತ್ತು ಹೋಗುತ್ತಾನೆ. ಬಲೆಯಿಲ್ಲ. ಮರದಲ್ಲಿ ಒಂದು ಬಲಿತ ಕಾಯಿಯೂ ಇಲ್ಲ. ಆದರೆ ಸೇತುರಾಮ ಹೊಸ ಹೆಲ್ಮೆಟ್ಟು ಕೊಂಡಿದ್ದಾನೆ. ಗೇಟಿನಿಂದ ರಸ್ತೆಯ ಆಚೆ ತುದಿಯವರೆಗೆ ಹಾಕಿಕೊಂಡು ಹೋಗುತ್ತಾನೆ. ಅವನು ಹಾಕಿದ ಮೇಲೆ ನಮ್ಮ ಕ್ರಾಸಿನವರು ಬಿಡುತ್ತಾರೆಯೇ? ಹಾಲಿಗೆ ಹೋಗುವವರು, ವಾಕಿಂಗಿನವರು, ರಂಗೋಲಿ ಹಾಕುವವರು, ಎಲ್ಲರ ತಲೆಯ ಮೇಲೂ ಹೆಲ್ಮೆಟ್ಟು.

ಮೊನ್ನೆ ಬೆಳಗ್ಗೆ ಶಶಿಕುಮಾರ ಎದುರಾದ. ತಲೆಗೆ ಹೆಲ್ಮೆಟ್ಟು, ಗದ್ದದ ಕೆಳಗೆ ಪಟ್ಟಿ ಬಿಗಿದು, ಮರದ ಕೆಳಗೆ ಹುಷಾರಾಗಿ ಹೆಜ್ಜೆಯಿಟ್ಟು ನಡೆದು ಬಂದ. ತಿರುವಿನಲ್ಲಿ ಅವನ ಬೈಕು ನಿಂತಿತ್ತು. ಹತ್ತಿ ಕೂತು, ಪಟ್ಟಿ ಬಿಚ್ಚಿ ಹೆಲ್ಮೆಟ್ಟು ತೆಗೆದು, ಕನ್ನಡಿಗೆ ನೇತುಹಾಕಿ, ಬರಿ ತಲೆಯಲ್ಲಿ ರಿಂಗ್ ರೋಡಿಗೆ ಹೊರಟ.

"ಯಾಕೋ ತೆಗೆದೆ?" ಎಂದು ಕೇಳಿದೆ.

ಅವನು ನನ್ನನ್ನು ಕನಿಕರದಿಂದ ನೋಡಿದ.

"ರಿಂಗ್ ರೋಡಲ್ಲಿ ತೆಂಗಿನ ಮರ ಎಲ್ಲಿದೆ ಅಂಕಲ್?"